ಫಿಟ್ಸ್ ಎಷ್ಟು ಸಲ ಬಂತು ಎಂದು ಎಲ್ಲರೂ ಕೇಳುತ್ತಾರೆ

ಪ್ರಶ್ನೆ: ಮೇಡಂ, ನಾನು ಮನಶ್ಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ್ದೇನೆ. ಮೂರ್ಛೆರೋಗ ಇರುವವರಲ್ಲಿ ಕಾಣುವ ಖಿನ್ನತೆ, ಆತಂಕಗಳ ಅಧ್ಯಯನಕ್ಕೆ ಸಂಶೋಧನಾ ಸಹಾಯಕರು ಬೇಕೆಂದು ವಿಶ್ವವಿದ್ಯಾಲಯವೊಂದು ಪ್ರಕಟಣೆ ಕೊಟ್ಟಿದೆ. ಎರಡು ವರ್ಷದ ಕೆಲಸ. ನನಗೂ ಹದಿನಾಲ್ಕನೇ ವಯಸ್ಸಿನಿಂದ ಫಿಟ್ಸ್ ಇದೆ. ಮಾತ್ರೆಯಿಂದ ಹತೋಟಿಯಲ್ಲಿದೆ, ಕಡೆಯ ಸಲ ಬಂದು ಮೂರು ವರ್ಷವಾಯಿತು. ಅರ್ಜಿ ಹಾಕಲೇ? ಕಾಯಿಲೆಯ ವಿಷಯ ಹೇಳಲೇ? ‘ದಿನವಿಡೀ ಅದನ್ನೇ ಕೇಳಿಸಿಕೊಂಡು ಕೂತರೆ ನಿನ್ನ ಮನಸ್ಸೂ ಕೆಡುತ್ತೆ’ ಅಂತ ಅಮ್ಮ ಹೆದರುತ್ತಿದ್ದಾರೆ.
— ಹೆಸರು ಬೇಡವೆಂದ ಓದುಗರು

ಉತ್ತರ: ಹಾಕಿ. ಇದೇ ಬಗೆಯ ಕೆಲಸವನ್ನು ನಾನು ಒಂಬತ್ತು ವರ್ಷ ಮಾಡಿದ್ದೇನೆ. ಹಾಗಾಗಿ ಪ್ರಕಟಣೆಯಲ್ಲಿ ಬರೆಯದ ಸಂಗತಿಗಳನ್ನೇ ಹೇಳುತ್ತೇನೆ.

ಲೋಕದಲ್ಲಿ ಮೂರ್ಛೆರೋಗ ಇರುವವರು ಸುಮಾರು 5 ಕೋಟಿ. ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಡಾಕ್ಟರ ಕೊಠಡಿಯಲ್ಲಿ ‘ಈ ತಿಂಗಳು ಎಷ್ಟು ಸಲ ಬಂತು?’ ಎಂಬುದೇ ಮೊದಲ ಪ್ರಶ್ನೆ. ಮನೆಯವರು ಲೆಕ್ಕ ಕೊಡುತ್ತಾರೆ, ಮಾತ್ರೆ ಹೆಚ್ಚೋ ಕಡಿಮೆಯೋ ಆಗುತ್ತದೆ, ಹೊರಗೆ ಮುಂದಿನವರು ಕಾಯುತ್ತಿರುತ್ತಾರೆ. ಮಾತ್ರೆಗೆ ಬಗ್ಗದ ಫಿಟ್ಸ್ ಇರುವವರ ನೆಮ್ಮದಿಯನ್ನು ಫಿಟ್ಸಿನ ಲೆಕ್ಕಕ್ಕಿಂತ ಖಿನ್ನತೆಯೇ ಹೆಚ್ಚು ಕೆಡಿಸುತ್ತದೆ ಎಂದು ಅಧ್ಯಯನಗಳು ತೋರಿಸಿ ಎಷ್ಟೋ ವರ್ಷಗಳಾದವು. ಆದರೂ ಮನಸ್ಸಿನ ಮಾತು ಕೇಳುವವರು ಕಡಿಮೆ. ನೀವು ಸೇರುತ್ತಿರುವುದು ಆ ಮಾತು ಕೇಳುವ ಕೆಲಸಕ್ಕೆ.

ನಿಮ್ಮ ಕೈಗೆ ಬಹುಶಃ ಆರು ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಮೂರ್ಛೆರೋಗಿಗಳಿಗೆಂದೇ ಸಿದ್ಧಪಡಿಸಿ 2006ರಲ್ಲಿ ಪ್ರಕಟಿಸಿದ್ದು. ಮಾಮೂಲಿ ಖಿನ್ನತೆಯ ಪಟ್ಟಿಗಳಲ್ಲಿ ನಿದ್ದೆ, ಸುಸ್ತುಗಳ ಪ್ರಶ್ನೆ ಇರುತ್ತವೆ. ಅವು ಫಿಟ್ಸಿನ ಮಾತ್ರೆಯಿಂದಲೂ ಬರುತ್ತವಾದ್ದರಿಂದ ಇದರಲ್ಲಿ ಅವನ್ನು ಬಿಟ್ಟಿದ್ದಾರೆ. ಕಳೆದ ಎರಡು ವಾರದಲ್ಲಿ ಎಲ್ಲವೂ ಹೆಣಗಾಟ ಅನ್ನಿಸಿತೇ, ಮಾಡಿದ್ದೆಲ್ಲ ತಪ್ಪು ಅನ್ನಿಸಿತೇ, ಯಾವುದರಲ್ಲೂ ಖುಷಿ ಸಿಗುತ್ತಿಲ್ಲವೇ, ಹೀಗೆ. ಒಂದೊಂದಕ್ಕೂ 1ರಿಂದ 4 ಅಂಕ. ಮೂಲ ಪಟ್ಟಿಯ ಪ್ರಕಾರ ಒಟ್ಟು 15 ದಾಟಿದರೆ ಮನೋವೈದ್ಯರಿಗೆ ತೋರಿಸಬೇಕು. ಮೂರು ನಿಮಿಷದ ಕೆಲಸ.

ಆ ಮೂರು ನಿಮಿಷದಲ್ಲೇ ನಾನು ಎಡವಿದ್ದು. ಸೇರಿದ ಹೊಸತರಲ್ಲಿ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ಹಾಳೆ ನೋಡಿಕೊಂಡೇ ಆರೂ ಪ್ರಶ್ನೆ ಓದಿದೆ. ಆರಕ್ಕೂ ‘ಇಲ್ಲ’. ಒಟ್ಟು 6, ಅದಕ್ಕಿಂತ ಕಡಿಮೆ ಬರುವ ಹಾಗೇ ಇಲ್ಲ. ಆಮೇಲೆ ತಾರೀಖು ಬರೆದುಕೊಳ್ಳಲು ಅವರ ನೋಟುಬುಕ್ಕು ಇಸಿದುಕೊಂಡೆ. ತಾಯಿ ನೀಲಿ ಪೆನ್ನಿನಲ್ಲಿ ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂದು ಒಪ್ಪವಾಗಿ ಬರೆದಿದ್ದರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ ಚುಕ್ಕೆಗಳು. ಇದೇನೆಂದು ಕೇಳಿದೆ. ತಾಯಿಗೂ ಗೊತ್ತಿರಲಿಲ್ಲ. ಹುಡುಗ ತಲೆ ತಗ್ಗಿಸಿ, ‘ನಂದು. ಯಾರೂ ಬೇಡ ಅನ್ನಿಸಿದ ದಿನ ಹಾಕ್ತೀನಿ’ ಎಂದ. ತಾಯಿ ಎದ್ದು ಹೊರಗೆ ಹೋದ ಮೇಲೆ ಇಬ್ಬರೂ ಒಂದೊಂದೇ ಹಾಳೆ ಮಗುಚಿದೆವು. ಎಷ್ಟೋ ಕಡೆ ಚುಕ್ಕೆ ಬಿದ್ದ ಮರುದಿನವೇ ನೀಲಿ ಸಾಲು. ಕೆಲವು ಕಡೆ ಫಿಟ್ಸ್ ಬಂದ ಮೇಲೆ ಎರಡು ದಿನ ಸಾಲಾಗಿ ಚುಕ್ಕೆ. ಒಂದು ತಿಂಗಳಲ್ಲಂತೂ ನೀಲಿ ಒಂದೂ ಇಲ್ಲ, ಬರೀ ಚುಕ್ಕೆ. ಆ ತಿಂಗಳು ಮನೆಯಲ್ಲಿ ಎಲ್ಲರೂ ‘ಈ ಸಲ ಒಳ್ಳೆಯದಾಯಿತು’ ಅಂದುಕೊಂಡಿದ್ದರಂತೆ.

ಫಿಟ್ಸಿಗೆ ಮುಂಚಿನ ಸಿಡುಕು, ಆದಮೇಲಿನ ಮಂಕು, ಎರಡಕ್ಕೂ ಸಂಬಂಧವಿಲ್ಲದೆ ನಡುವೆ ಉಳಿಯುವ ಖಿನ್ನತೆ: ಈ ಮೂರೂ ಬೇರೆಬೇರೆ. ಎರಡು ವಾರದ ಹಾಳೆ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಆದ್ದರಿಂದ ಅಂಕದ ಪಕ್ಕದಲ್ಲೇ ಕಡೆಯ ಫಿಟ್ಸ್ ಎಂದು ಬಂತು, ಮಾತ್ರೆ ಎಂದು ಬದಲಾಯಿತು ಎಂದು ಬರೆದುಕೊಳ್ಳಿ. ಲೆವೆಟಿರಾಸೆಟಮ್ ಎಂಬ ಫಿಟ್ಸಿನ ಮಾತ್ರೆ ಶುರುವಾದ ಮೇಲೆ ಕೆಲವರಿಗೆ ವಿಪರೀತ ಸಿಟ್ಟು ಬರುವುದುಂಟು, ಅದು ಆ ವ್ಯಕ್ತಿಯ ಸ್ವಭಾವವಲ್ಲ. (ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸುವುದು ಅಪಾಯ, ಡಾಕ್ಟರಿಗೆ ಹೇಳಿ.) ಮನೆಯವರನ್ನು ಹೊರಗೆ ಕೂರಿಸಿಯೇ ಪ್ರಶ್ನೆ ಕೇಳಿ. ಆ ಹುಡುಗನ ವಿಷಯದಲ್ಲಿ ಅದೊಂದನ್ನು ನಾನು ಮೊದಲೇ ಮಾಡಬೇಕಿತ್ತು.

ಆ ಆರರಲ್ಲಿ ಒಂದು ಪ್ರಶ್ನೆ, ಸತ್ತರೇ ವಾಸಿ ಅನ್ನಿಸುತ್ತದೆಯೇ ಎಂದು. ದನಿ ತಗ್ಗಿಸದೆ, ತಡವರಿಸದೆ ಕೇಳಲು ಕಲಿಯಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆದರೆ ‘ಹೌದು, ಯಾವಾಗಲೂ’ ಎಂದು ಒಬ್ಬರು ಹೇಳಿದ ಮೇಲೆ ಅವರು ಸುಮ್ಮನೆ ಎದ್ದು ಮನೆಗೆ ಹೋಗುವಂತಾಗಬಾರದು. ಸಂದರ್ಶನದಲ್ಲಿ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ?’ ಎಂದಾಗ ಇದನ್ನೇ ಕೇಳಿ: ಆ ಉತ್ತರ ಬಂದ ದಿನ ಯಾವ ವೈದ್ಯರು ನೋಡುತ್ತಾರೆ, ಎಷ್ಟು ಹೊತ್ತಿನಲ್ಲಿ? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಆ ಕೆಲಸ ನಿಮಗೆ ಬೇಡ.

ಇನ್ನು ನಿಮ್ಮ ಕಾಯಿಲೆಯ ವಿಷಯ. ಅರ್ಜಿಯಲ್ಲಿ ಬರೆಯುವುದು ಬಿಡುವುದು ನಿಮಗೆ ಸೇರಿದ್ದು. ಸೇರಿದ ಮೇಲೆ ಪಕ್ಕದಲ್ಲಿ ಕೂರುವ ಒಬ್ಬರಿಗಾದರೂ ತಿಳಿಸಿ: ಬಂದರೆ ಒಂದು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ಇಡಬಾರದು, ಗಡಿಯಾರ ನೋಡಬೇಕು, 5 ನಿಮಿಷ ದಾಟಿದರೆ ಆಂಬುಲೆನ್ಸ್. ವಿಡಿಯೊ ಇಇಜಿ ವಾರ್ಡಿನಲ್ಲಿ (ರೋಗಿಯ ಮಿದುಳಿನ ವಿದ್ಯುತ್ ಅಲೆಗಳನ್ನೂ ವಿಡಿಯೊವನ್ನೂ ಒಟ್ಟಿಗೆ ದಾಖಲಿಸುವ ಕಡೆ) ರಾತ್ರಿ ಪಾಳಿ ಇದೆಯೇ ಎಂದೂ ವಿಚಾರಿಸಿ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದೆಂದು ನಿಮಗೆ ನಾನು ಹೇಳಬೇಕಿಲ್ಲ. ಎದುರು ಕೂತ ರೋಗಿಗಳಿಗೆ ಮಾತ್ರ ಮೊದಲೇ ಹೇಳಬೇಡಿ. ಅವರ ಉತ್ತರ ನಿಮ್ಮ ಕಡೆಗೆ ವಾಲುತ್ತದೆ.

ಅಮ್ಮನ ಭಯ ಹುಸಿಯಲ್ಲ. ಸಂಜೆ ಹೊತ್ತಿಗೆ ಎದೆ ಭಾರವಾಗುವ ದಿನಗಳು ಬರುತ್ತವೆ. ವಾರಕ್ಕೊಮ್ಮೆಯಾದರೂ ಮಾರ್ಗದರ್ಶಕರ ಜೊತೆ ಕೂತು ಮಾತಾಡುವ ಏರ್ಪಾಡು ಇರಲಿ. ಮತ್ತೆ, ಆ ಆರು ಪ್ರಶ್ನೆಗೆ ಮೊದಲು ನೀವೇ ಉತ್ತರ ಬರೆದು ನೋಡಿ. ಅಂಕ ಹೆಚ್ಚು ಬಂದರೆ ನಿಮ್ಮ ಡಾಕ್ಟರಿಗೆ ತೋರಿಸಿ, ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಿಲ್ಲ.

ಪ್ರಶ್ನೆ: ತಮ್ಮನಿಗೆ ಫಿಟ್ಸ್ ಇದೆ. ಮನೋವೈದ್ಯರು ಖಿನ್ನತೆಗೆ ಸೆರ್ಟ್ರಾಲಿನ್ ಬರೆದಿದ್ದಾರೆ. ಇಂಥ ಮಾತ್ರೆಯಿಂದ ಫಿಟ್ಸ್ ಹೆಚ್ಚುತ್ತದಂತೆ, ಕೊಡಲೋ ಬೇಡವೋ?
— ಒಬ್ಬ ಅಕ್ಕ

ಉತ್ತರ: ಆ ಮಾತು ಕೆಲವು ಮಾತ್ರೆಗಳ ಮಟ್ಟಿಗೆ ನಿಜ. ಬುಪ್ರೊಪಿಯಾನ್, ಕ್ಲೊಮಿಪ್ರಮಿನ್ ಅಂಥವನ್ನು ಫಿಟ್ಸ್ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸೆರ್ಟ್ರಾಲಿನ್ ಆ ಸಾಲಿನದಲ್ಲ, ಮಾಮೂಲಿ ಪ್ರಮಾಣದಲ್ಲಿ ಅದರಿಂದ ತೊಂದರೆ ಅಪರೂಪ. ಮನೋವೈದ್ಯರ ಚೀಟಿಯನ್ನು ನರರೋಗ ತಜ್ಞರಿಗೂ, ಅವರದನ್ನು ಇವರಿಗೂ ತೋರಿಸಿಬಿಡಿ. ಪರಿಣಾಮ ಕಾಣಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನಿಮ್ಮ ತಮ್ಮ ಮಾತ್ರೆ ಬಿಡದ ಹಾಗೆ ನೋಡಿಕೊಳ್ಳಿ. ಅಷ್ಟರಲ್ಲಿ ಸಾಯುವ ಮಾತಾಡಿದರೆ, ಅಥವಾ ತೀರಾ ಚಡಪಡಿಸಿದರೆ, ಮುಂದಿನ ತಾರೀಖಿಗೆ ಕಾಯದೆ ಅಂದೇ ಕರೆದುಕೊಂಡು ಹೋಗಿ.