ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್: ಕೊಳ್ಳೋದಾ, ಬೇಡ್ವಾ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ 2012ರದ್ದು. ಆನ್ ಆಗಲಿಕ್ಕೇ ಹತ್ತು ನಿಮಿಷ ಬೇಕು. ಮಗಳು ಡಿಗ್ರಿಗೆ ಸೇರಿದ್ದಾಳೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ನೋಡಿ ಬಂದೆ. ಧೈರ್ಯ ಸಾಲುತ್ತಿಲ್ಲ.
– ಓದುಗರೊಬ್ಬರು, ತುಮಕೂರು

ಉತ್ತರ: ಧೈರ್ಯವಾಗಿ ಕೊಳ್ಳಿ. ಆದರೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡದೆ ದುಡ್ಡು ಕೊಡಬೇಡಿ.

ಮೊದಲು ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳಿನಂಥ ಚಿಪ್) ಯಾವುದು ಅಂತ ಕೇಳಿ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ವಿಂಡೋಸ್ 11 ನಡೆಯುವಂಥದ್ದೇ ನೋಡಿ. ಅದಕ್ಕೆ ಇಂಟೆಲ್ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದು ಬೇಕು. ಟಿ480ಯಲ್ಲಿ ಹೆಚ್ಚಿನವು 8ನೇ ತಲೆಮಾರಿನವೇ, ಆದರೂ ಕೆಲವು 7ನೆಯದೂ ಇವೆ. ಅದು ಬೇಡ.

ಮುಖ್ಯ ವಿಷಯ ಬ್ಯಾಟರಿ. ನನ್ನ ತಮ್ಮನಿಗೆ ನಾನೇ ಕೊಡಿಸಿದ ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ನಲವತ್ತೇ ನಿಮಿಷಕ್ಕೆ ಆರಿಹೋಗುತ್ತಿತ್ತು. ಪರೀಕ್ಷೆ ಹೊತ್ತಿನಲ್ಲಿ ಕರೆಂಟ್ ಹೋದಾಗ ಅವನು ಪಟ್ಟ ಪಾಡು ನೋಡಿ ತುಂಬಾ ಬೇಜಾರಾಗಿತ್ತು. ಹಾಗಾಗಿ ಅಂಗಡಿಯವರಿಂದಲೇ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಹಿಡಿಯುತ್ತಿದ್ದ ಚಾರ್ಜ್), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವ ಚಾರ್ಜ್) ಅಂತ ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲಿನದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಕಳೆದು ಚೌಕಾಸಿ ಮಾಡಿ. ಟಿ480ಗೆ ಸಾಮಾನ್ಯವಾಗಿ ಎರಡು ಬ್ಯಾಟರಿ, ಎರಡನ್ನೂ ನೋಡಿ.

ಆನ್ ಮಾಡುವಾಗ ಎಫ್1 ಒತ್ತಿ. ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್) ಪಾಸ್‌ವರ್ಡ್ ಕೇಳಿದರೆ ಸುಮ್ನೆ ಎದ್ದು ಬನ್ನಿ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಬರುವ ವೇಗದ ಡಿಸ್ಕ್), 8 ಜಿಬಿ ರ್‍ಯಾಮ್ ಇದ್ದರೆ ಸಾಕು. ರ್‍ಯಾಮ್ ಆಮೇಲೂ ಹಾಕಿಸಬಹುದು. ಬಿಲ್ ಮಾತ್ರ ಸೀರಿಯಲ್ ನಂಬರ್ ಬರೆಸಿಯೇ ತನ್ನಿ.