ಮನೆಯಲ್ಲೇ ಕಾರಿನ ಮುಂದಿನ ಬ್ರೇಕ್ ಡಿಸ್ಕ್, ಪ್ಯಾಡ್ ಬದಲಾಯಿಸೋಕೆ ಏನೇನು ಟೂಲ್ಸ್ ಬೇಕು? 108 ಪೀಸಿನ ಕಿಟ್ ತಗೊಂಡ್ರೆ ಸಾಕಾ?

ಆ 108 ಪೀಸಿನ ಕಿಟ್ ನನ್ನ ಹತ್ರಾನೂ ಇದೆ. ಮುಚ್ಚಳ ತೆಗೆದ್ರೆ ಮದುವೇಲಿ ಕೊಟ್ಟ ಬೆಳ್ಳಿ ಸೆಟ್ಟಿನ ಥರ ಹೊಳೆಯುತ್ತೆ. ಬ್ರೇಕ್ ಕೆಲಸಕ್ಕೆ ಅದರಲ್ಲಿ ಬಳಕೆಗೆ ಬಂದಿದ್ದು ಒಂದು ರಾಚೆಟ್ಟು, ಮೂರು ಸಾಕೆಟ್ಟು. ನನ್ನ ದುಡ್ಡು ಉಳಿಸಬಹುದಾಗಿದ್ದ ಸಾಮಾನು ಅದರೊಳಗೆ ಇರಲೇ ಇಲ್ಲ: ತಂತಿ ಬ್ರಷ್ಷು.

ಆಗ ನಮ್ಮ ಮನೆ ದಾವಣಗೆರೆ ವಿದ್ಯಾನಗರದಲ್ಲಿ. ಹಳೇ ಸ್ವಿಫ್ಟು, ಶೆಡ್ಡಿಲ್ಲ, ಬಿಸಿಲು ಮಳೆ ಎಲ್ಲಾ ಅದರ ಮೇಲೇ. ಮುಂದಿನ ಪ್ಯಾಡು ಸವೆದು, ಅದರ ಬೆನ್ನಿನ ತಗಡು ತಾಗಿ, ಚಕ್ರದ ಜೊತೆ ತಿರುಗೋ ಡಿಸ್ಕಿನ ಮೇಲೆ ಗೆರೆ ಬಿದ್ದಿತ್ತು. ಒಂದು ಭಾನುವಾರ ತಿಂಡಿ ಮುಗಿಸಿ ಕೂತೆ. ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಬಿಚ್ಚಿದ್ದಾಯ್ತು, ಅದು ಕೂರೋ ಬ್ರಾಕೆಟ್ಟಿನ ಬೋಲ್ಟಿಗೆ ಪೈಪ್ ಸಿಗಿಸಿ ಎಳೆದು ಅದೂ ಬಂತು. ಡಿಸ್ಕು ಮಾತ್ರ ಹಬ್ಬಿಗೆ, ಅಂದ್ರೆ ಡಿಸ್ಕು, ಚಕ್ರ ಎರಡೂ ಕೂರೋ ಬಿಲ್ಲೆಗೆ, ಕಚ್ಚಿಕೊಂಡು ಕೂತಿತ್ತು. ಸುತ್ತಿಗೆಯಲ್ಲಿ ಬಡಿದು ಬಡಿದು ಪಕ್ಕದ ಮನೆಯವರು ಎದ್ದು ಬಂದರು. ಆಮೇಲೆ ಗೊತ್ತಾಗಿದ್ದು, ಎಷ್ಟೋ ಕಾರುಗಳ ಡಿಸ್ಕಿನ ಮುಖದಲ್ಲಿ ಥ್ರೆಡ್ ಇರೋ ಎರಡು ತೂತು ಇರ್ತಾವೆ. ಅದಕ್ಕೆ ಎರಡು 8 ಎಂಎಂ ಬೋಲ್ಟು ಹಾಕಿ, ಒಂದನ್ನ ಸ್ವಲ್ಪ, ಇನ್ನೊಂದನ್ನ ಸ್ವಲ್ಪ ಬಿಗಿಸ್ತಾ ಹೋದರೆ ಟಕ್ ಅಂತ ತಾನೇ ಈಚೆ ಬರುತ್ತೆ.

ಇಲ್ಲೇ ನಾನು ಎಡವಿದ್ದು. ಡಿಸ್ಕು ಬಂದ ಮೇಲೆ ಹಬ್ಬಿನ ಮುಖ ನೋಡಿದೆ. ತುಕ್ಕು ಪದರ ಪದರವಾಗಿ ಎದ್ದಿತ್ತು, ವೀಲ್ ನಟ್ಟು ಕೂರೋ ಸ್ಟಡ್ಡಿನ ಬುಡದಲ್ಲಂತೂ ಗಂಟು ಕಟ್ಟಿತ್ತು. ಹಳೇ ಬನಿಯನ್ನಲ್ಲಿ ಒರೆಸಿ, 'ಡಿಸ್ಕೇ ಮುಚ್ಕೊಳ್ಳುತ್ತೆ, ಯಾರು ನೋಡ್ತಾರೆ' ಅಂತ ಹೊಸದನ್ನ ಅದರ ಮೇಲೇ ಕೂರಿಸಿದೆ.

ಮೊದಮೊದಲು ಬ್ರೇಕು ಬೆಣ್ಣೆ. ಎರಡು ಸಾವಿರ ಕಿಲೋಮೀಟರ್ ಓಡಿರಬೇಕು, ಚಿತ್ರದುರ್ಗಕ್ಕೆ ಹೊರಟಿದ್ವಿ. ಹೆಬ್ಬಾಳು ಟೋಲ್ ಹತ್ರ ಬ್ರೇಕ್ ಒತ್ತಿದೆ, ಸ್ಟೀರಿಂಗು ಚಳಿ ಜ್ವರ ಬಂದಂಗೆ ನಡುಗ್ತು. ಮನೆಯವಳು 'ರೀ, ಚಕ್ರ ಗಿಕ್ರ ಬಿಚ್ಕೊಂಡೈತೇನ್ರೀ' ಅಂದ್ಲು.

ಡಿಸ್ಕೇ ಡೂಪ್ಲಿಕೇಟು ಅಂದ್ಕೊಂಡೆ. ಕೊಟ್ಟ ಅಂಗಡಿಯವರ ಹತ್ರ ಜಗಳ ಆಡಿ ಬಂದೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ಕೊನೆಗೆ ಇನ್ನೊಂದು ಜೊತೆ ಡಿಸ್ಕು, ಇನ್ನೊಂದು ಸೆಟ್ ಪ್ಯಾಡು ತಂದು, ಮತ್ತೆ ಅದೇ ತುಕ್ಕಿನ ಮೇಲೆ ಹಾಕಿದೆ! ಎರಡು ತಿಂಗಳಿಗೆ ಮತ್ತೆ ಅದೇ ನಡುಕ.

ಹರಿಹರದ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಡಿಸ್ಕು ಬಿಚ್ಚಿ, ಹಬ್ಬಿನ ಮೇಲೆ ಹೆಬ್ಬೆರಳು ಸವರಿದರು. 'ಡಿಸ್ಕಿಗೇನೂ ಬಂದಿಲ್ಲ ಸರ. ಇಲ್ನೋಡ್ರಿ, ಹಪ್ಪಳ ಒಣಗಾಕಿದಂಗೈತೆ.'

ಅವರು ಹೇಳಿದ್ದು ಹೀಗೆ. ಹಬ್ಬಿನ ಒಂದು ಬದಿಗೆ 0.1 ಮಿ.ಮೀ. ತುಕ್ಕು ಅಡ್ಡ ಕೂತರೆ ಡಿಸ್ಕು ಅಷ್ಟು ವಾಲುತ್ತೆ, ಅಂಚಿಗೆ ಬರೋ ಹೊತ್ತಿಗೆ ಆ ವಾಲಾಟ ಹತ್ತಿರ ಹತ್ತಿರ ಎರಡರಷ್ಟು. ಬಹುತೇಕ ಕಾರುಗಳಿಗೆ ಅಂಚಿನಲ್ಲಿ 0.1 ದಾಟಿದರೇ ಜಾಸ್ತಿ. 80ರಲ್ಲಿ ಹೋಗುವಾಗ ಚಕ್ರ ಸೆಕೆಂಡಿಗೆ ಹನ್ನೊಂದು ಹನ್ನೆರಡು ಸುತ್ತು ಸುತ್ತುತ್ತೆ. ಬ್ರೇಕ್ ಒತ್ತದಿದ್ರೂ ಪ್ರತಿ ಸುತ್ತಿಗೂ ಡಿಸ್ಕಿನ ಅದೇ ಜಾಗ ಪ್ಯಾಡಿಗೆ ಸವರಿಕೊಂಡು ಹೋಗುತ್ತೆ. ಬೀಸೋಕಲ್ಲಿನ ಗೂಟ ವಾಲಿದ್ರೆ ಕಲ್ಲು ಒಂದೇ ಕಡೆ ಸವೆಯಲ್ವಾ, ಹಾಗೆ. ಕೆಲವು ಸಾವಿರ ಕಿಲೋಮೀಟರಿಗೆ ಡಿಸ್ಕು ಒಂದು ಕಡೆ ತೆಳು, ಒಂದು ಕಡೆ ದಪ್ಪ, ಬ್ರೇಕ್ ಒತ್ತಿದಾಗ ನಡುಕ ಬರೋದು ಅದಕ್ಕೇ. ನಾವು 'ಡಿಸ್ಕ್ ಬೆಂಡಾಗಿದೆ' ಅಂತೀವಿ. ಎಷ್ಟೋ ಸಲ ಅದು ಬೆಂಡಾಗಿರೋದೇ ಇಲ್ಲ. ಹಾಕಿದ ಮೊದಲ ದಿನ ಏನೂ ಗೊತ್ತಾಗಲ್ಲ, ಅದಕ್ಕೇ ನಾನು ಎರಡು ಸಲ ಮೋಸ ಹೋಗಿದ್ದು.

ಮೂರನೇ ಸಲ ತಂತಿ ಬ್ರಷ್ಷು, ಎಮರಿ ಪೇಪರ್ ಹಿಡಿದು ಒಂದೊಂದು ಹಬ್ಬಿಗೆ ಅರ್ಧ ಗಂಟೆ ಉಜ್ಜಿದೆ, ಸ್ಟಡ್ಡಿನ ಸುತ್ತ ಬೆರಳು ತೂರದ ಕಡೆ ಹಳೇ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದು. ಲೋಹ ಬೆಳ್ಳಗೆ ಕಾಣಿಸೋವರೆಗೂ ಬಿಡಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಮೊದಲು ಹೇಳಿ, ಡಿಸ್ಕು ಬದಲಿಸಲೇಬೇಕು ಅಂತ ನಿಮಗೆ ಹೇಳಿದ್ದು ಯಾರು? ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನೋದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತೆ. ಅಳೀರಿ. ಅಂಚಿನಲ್ಲಿ ಸವೆಯದೆ ಉಳಿದ ಉಬ್ಬು ಇರುತ್ತೆ, ದಪ್ಪ ಅಳೆಯೋ ವರ್ನಿಯರ್ ಅದರ ಮೇಲೆ ಕೂತರೆ ಲೆಕ್ಕ ತಪ್ಪು ಬರುತ್ತೆ, ಒಳಗೆ ತಗೊಂಡು ಅಳೀರಿ. ದಪ್ಪ ಇದ್ದು ನಡುಕ, ಆಳದ ಗೆರೆ ಇಲ್ಲದಿದ್ರೆ ಪ್ಯಾಡು ಮಾತ್ರ ಹಾಕಿ ಸುಮ್ಮನಾಗಿ.

ಬದಲಿಸಲೇಬೇಕಾದ್ರೆ ಕಿಟ್ಟಿನ ದುಡ್ಡಲ್ಲಿ ಎತ್ತಿದ ಕಾರನ್ನ ಹೊತ್ತು ನಿಲ್ಲೋ ಎರಡು ಜಾಕ್ ಸ್ಟ್ಯಾಂಡು, ಎಷ್ಟು ಬಿಗಿ ಅಂತ ಅಳೆದು ಬಿಗಿಸೋ ಒಂದು ಟಾರ್ಕ್ ರೆಂಚ್ ತಗೊಳ್ಳಿ. ಕಾರಿನ ಜೊತೆ ಬರೋ ಜಾಕಿ ಎತ್ತೋಕೆ ಮಾತ್ರ, ಅದನ್ನ ನಂಬಿ ಕೈ ಒಳಗೆ ಹಾಕಬೇಡಿ. ಟಾರ್ಕ್ ರೆಂಚ್ ಯಾಕಂದ್ರೆ ವೀಲ್ ನಟ್ಟು ಒಂದು ಬಿಗಿ ಒಂದು ಸಡಿಲ ಆದ್ರೂ ಡಿಸ್ಕು ವಾಲುತ್ತೆ. ಕ್ಯಾಲಿಪರಿನಲ್ಲಿ ಪ್ಯಾಡನ್ನ ಒತ್ತೋ ಪಿಸ್ಟನ್ ಒಳಗೆ ತಳ್ಳೋಕೆ ಸಿ-ಕ್ಲ್ಯಾಂಪ್ ಸಾಕು, ಹಳೇ ಪ್ಯಾಡು ಅಡ್ಡ ಇಟ್ಟು ನಿಧಾನ ತಳ್ಳಿ. ಮುಂಚೆ ಬ್ರೇಕ್ ಆಯಿಲ್ ಡಬ್ಬಿ ನೋಡಿ, ತುಂಬಿದ್ರೆ ಸಿರಿಂಜಲ್ಲಿ ಸ್ವಲ್ಪ ತೆಗೀರಿ. ಪಿಸ್ಟನ್ ತಳ್ಳಿದಾಗ ಆಯಿಲ್ ಉಕ್ಕಿ ಚೆಲ್ಲಿದ್ರೆ ಗಾಡಿಯ ಬಣ್ಣ ತಿಂದುಬಿಡುತ್ತೆ. ಬಿಚ್ಚಿದ ಕ್ಯಾಲಿಪರನ್ನ ಬ್ರೇಕ್ ಆಯಿಲ್ ಹೋಸಿನ ಮೇಲೆ ಜೋತುಬಿಡದೆ ತಂತಿಯಲ್ಲಿ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯಬಾರದು ಅಂತ ಸಾಮಾನ್ಯವಾಗಿ ಎಣ್ಣೆ ಸವರಿರ್ತಾರೆ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ.

ಹಿಂದೆನೂ ಡಿಸ್ಕಿದ್ದು ಹ್ಯಾಂಡ್‌ಬ್ರೇಕು ಅದೇ ಕ್ಯಾಲಿಪರಿನಲ್ಲಿದ್ರೆ ಅದಕ್ಕೆ ಕೈ ಹಾಕಬೇಡಿ. ಅಂಥ ಪಿಸ್ಟನ್‌ಗಳನ್ನ ಹೆಚ್ಚಾಗಿ ತಿರುಗಿಸಿಯೇ ಒಳಗೆ ಕಳಿಸಬೇಕು, ಕ್ಲ್ಯಾಂಪಲ್ಲಿ ಒತ್ತಿದ್ರೆ ಹಾಳು.

ಎಲ್ಲಾ ಮುಗಿದ ಮೇಲೆ ಗಾಡಿ ಅಲುಗಿಸೋ ಮುಂಚೆ ಪೆಡಲ್ ಒತ್ತಿ ಒತ್ತಿ ಬಿಡಿ. ಮೊದಲು ನೆಲಕ್ಕೇ ಹೋಗುತ್ತೆ, ನಾಲ್ಕೈದು ಸಲಕ್ಕೆ ಗಟ್ಟಿಯಾಗುತ್ತೆ. ಗಟ್ಟಿ ಆಗದಿದ್ರೆ ಗೇಟ್ ತೆಗೀಬೇಡಿ.