ಓದುಗರ ಪ್ರಶ್ನೆ: ಬಲ್ಲವರು ತಿದ್ದಿದರೂ ವಿಶ್ವಕೋಶದಲ್ಲಿ ಉಳಿಯುವುದಿಲ್ಲವೇಕೆ?

ಪ್ರಶ್ನೆ: ಯಕ್ಷಗಾನ ಪ್ರಸಂಗ ಸಾಹಿತ್ಯವನ್ನು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಅಂತರ್ಜಾಲದ ಒಂದು ವಿಶ್ವಕೋಶದಲ್ಲಿ ಪಾರ್ತಿಸುಬ್ಬನ ಬಗ್ಗೆ ಇದ್ದ ಬರಹ ತಿದ್ದಿದೆ. ಸ್ವಲ್ಪ ಹೊತ್ತಿನಲ್ಲೇ ಯಾರೋ ಅಳಿಸಿದರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಅವರ ಹೆಸರೂ ಗೊತ್ತಿಲ್ಲ, ಓದೂ ಗೊತ್ತಿಲ್ಲ. ಇದು ಯಾವ ನ್ಯಾಯ?
– ನಿವೃತ್ತ ಪ್ರಾಧ್ಯಾಪಕರು, ಕುಂಜಿಬೆಟ್ಟು, ಉಡುಪಿ

ಉತ್ತರ: ಯಾವ ವಿಶ್ವಕೋಶವೆಂದು ತಾವು ಬರೆದಿಲ್ಲ. ವಿಕಿಪೀಡಿಯದ ನಿಯಮಗಳನ್ನು ಹಿಡಿದು ಉತ್ತರಿಸುತ್ತೇವೆ. ಅಳಿಸಿದವರಿಗೂ ತಾವು ಯಾರೆಂದು ಗೊತ್ತಿರಲಿಲ್ಲ. ಖಾತೆಯ ಹಿಂದಿರುವವರ ಪದವಿಯನ್ನು ಪರಿಶೀಲಿಸುವ ಏರ್ಪಾಡು ಅಲ್ಲಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ದೇವತಾಶಾಸ್ತ್ರದ ಪ್ರೊಫೆಸರ್ ಎಂದು ಹೇಳಿಕೊಂಡು ಚರ್ಚೆಗಳಲ್ಲಿ ಮೇಲುಗೈ ಪಡೆಯುತ್ತಿದ್ದ ‘ಎಸ್‌ಜೆ’ ಎಂಬ ಖಾತೆಯವರು 24ರ ಹರೆಯದ ಯುವಕ, ಪ್ರೊಫೆಸರ್ ಅಲ್ಲವೇ ಅಲ್ಲ ಎಂಬುದು 2007ರಲ್ಲಿ ಬಯಲಾಯಿತು. ಹಾಗಾಗಿ ‘ನಾನು ಬಲ್ಲೆ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ‘ಇಂಥ ಪುಸ್ತಕ, ಇಂಥ ಪುಟ’ ಎಂದರೆ ನಡೆಯುತ್ತದೆ.

ತಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ರಾಮಾಯಣ ಪ್ರಸಂಗಗಳ ಕರ್ತೃ ಕುಂಬಳೆಯ ಪಾರ್ತಿಸುಬ್ಬ ಎಂದು ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟರು ವಾದಿಸಿದರು. ಶಿವರಾಮ ಕಾರಂತರು ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನ ಕಡೆ ಬೊಟ್ಟು ಮಾಡಿದರು. ಇಂಥಲ್ಲಿ ಒಂದು ವಾದವನ್ನು ತೆಗೆದು ಇನ್ನೊಂದನ್ನು ಇಟ್ಟರೆ ಯಾವ ಸಂಪಾದಕನಾದರೂ ಅಳಿಸುತ್ತಾನೆ, ಅಳಿಸಬೇಕಾದ್ದೂ ಹೌದು. ವಿಶ್ವಕೋಶ ತೀರ್ಪು ಕೊಡುವುದಿಲ್ಲ. ಯಾರು ಏನು ಹೇಳಿದರು, ಯಾವ ಆಧಾರದಿಂದ ಹೇಳಿದರು ಎಂಬುದನ್ನು ದಾಖಲಿಸುತ್ತದೆ, ಅಷ್ಟೇ. ತಮ್ಮ ಒಲವು ಯಾವ ಕಡೆಗಿದ್ದರೂ ಎರಡೂ ವಾದಗಳು ಹೆಸರು ಸಮೇತ ಇರಲಿ.

ಈಗ ಮಾಡಬೇಕಾದ್ದು: ಮೂರನೇ ಸಲ ಹಾಕಬೇಡಿ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ರದ್ದುಮಾಡಿದರೆ ಖಾತೆಗೆ ತಡೆ ಬೀಳಬಹುದು ಎಂಬುದು ಇಂಗ್ಲಿಷ್ ವಿಕಿಪೀಡಿಯದ ನಿಯಮ. ಮೂರರೊಳಗೆ ನಿಲ್ಲಿಸಿದರೂ ಜಗಳವೆಂದು ಕಂಡರೆ ತಡೆಯಬಹುದು. ತಮ್ಮ ಮಾತು ಸರಿಯೇ ತಪ್ಪೇ ಎಂದು ಆಗ ಯಾರೂ ನೋಡುವುದಿಲ್ಲ. ಮೊದಲು ಲೇಖನದ ‘ಇತಿಹಾಸ’ (ತಿದ್ದುಪಡಿಗಳ ಪಟ್ಟಿ) ತೆರೆದು, ಅಳಿಸಿದವರು ತಿದ್ದುಪಡಿಯ ಸಾರಾಂಶದಲ್ಲಿ ಏನು ಬರೆದಿದ್ದಾರೆ ನೋಡಿ. ಅನೇಕ ಸಲ ಕಾರಣ ಅಲ್ಲೇ ಇರುತ್ತದೆ: ಉಲ್ಲೇಖವಿಲ್ಲ, ಇದ್ದ ಉಲ್ಲೇಖ ಅಳಿದಿದೆ, ಇಡೀ ಪ್ಯಾರಾ ಬದಲಾಗಿದೆ. ಆಮೇಲೆ ಆ ಲೇಖನದ ‘ಚರ್ಚೆ’ ಪುಟದಲ್ಲಿ ನಾಲ್ಕು ಸಂಗತಿ ಬರೆಯಿರಿ: ಈಗಿರುವ ವಾಕ್ಯ, ಅದು ಹೇಗಿರಬೇಕು, ಆಧಾರಗ್ರಂಥದ ಲೇಖಕ-ಪ್ರಕಾಶಕ-ವರ್ಷ, ಮತ್ತು ಪುಟಸಂಖ್ಯೆ. ಪುಟಸಂಖ್ಯೆ ಇಲ್ಲದೆ ಬರೀ ಪುಸ್ತಕದ ಹೆಸರು ಕೊಟ್ಟರೆ ಪರೀಕ್ಷಿಸುವವರು ಇನ್ನೂರು ಪುಟ ತಿರುವಬೇಕಾಗುತ್ತದೆ, ಯಾರೂ ತಿರುವುವುದಿಲ್ಲ. ಅಳಿಸಿದವರ ಖಾತೆಯ ಹೆಸರನ್ನು ಕೊಂಡಿಯಾಗಿ ಸೇರಿಸಿ ಸಹಿ ಹಾಕಿದರೆ ಅವರಿಗೆ ಸೂಚನೆ ಹೋಗುತ್ತದೆ. ಒಂದು ವಾರ ಕಾಯಿರಿ. ಕನ್ನಡದಲ್ಲಿ ಸಕ್ರಿಯ ಸಂಪಾದಕರು ಕಡಿಮೆ, ಉತ್ತರ ನಿಧಾನ. ಬಾರದಿದ್ದರೆ ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ಯಲ್ಲಿ ಕೇಳಿ, ಎಲ್ಲರೂ ಸೇರುವ ಜಾಗ ಅದು. ಇಂಗ್ಲಿಷ್‌ನಲ್ಲಾದರೆ ಜಗಳ ಇಬ್ಬರ ನಡುವಿನದಾಗಿದ್ದಾಗ ಮೂರನೆಯವರ ಅಭಿಪ್ರಾಯ ಕೇಳುವ ಪುಟವಿದೆ. ಹೆಚ್ಚು ಜನರನ್ನು ಕರೆಯಬೇಕಿದ್ದರೆ ಸಾಮಾನ್ಯವಾಗಿ 30 ದಿನ ನಡೆಯುವ ಬಹಿರಂಗ ಚರ್ಚೆಯಿದೆ.

ಒಪ್ಪಿಗೆಯಾದ ಮೇಲೂ ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ ಉಳಿಸಿ. ಹತ್ತನ್ನು ಒಟ್ಟಿಗೆ ಉಳಿಸಿದರೆ, ಒಂದು ತಪ್ಪಿಗಾಗಿ ಹತ್ತೂ ಹೋಗುತ್ತವೆ.

ಪ್ರಶ್ನೆ: ಹಳೆಯ ದಾಖಲೆಗಳನ್ನು ನೋಡಿ ನಮ್ಮ ಊರಿನ ಚರಿತ್ರೆಯ ಒಂದು ಇಸವಿ ತಪ್ಪೆಂದು ಕಂಡುಕೊಂಡಿದ್ದೇನೆ. ಎಲ್ಲ ಪುಸ್ತಕಗಳೂ ಹಳೆಯ ಇಸವಿಯನ್ನೇ ಹೇಳುತ್ತವೆ. ದಾಖಲೆಯ ಫೋಟೋ ಹಾಕಿದರೆ ಸಾಲದೇ?
– ಇತಿಹಾಸ ಉಪನ್ಯಾಸಕಿ, ಬಿಜೈ, ಮಂಗಳೂರು

ಉತ್ತರ: ಸಾಲದು. ಸ್ವಂತ ಸಂಶೋಧನೆಯನ್ನು ಅಲ್ಲಿ ಮೊದಲ ಬಾರಿಗೆ ಪ್ರಕಟಿಸುವಂತಿಲ್ಲ. ಮೊದಲು ಸಂಶೋಧನ ಪತ್ರಿಕೆಯಲ್ಲಿ ಬರಲಿ, ಆಮೇಲೆ ಅದನ್ನು ಉಲ್ಲೇಖಿಸಿ.

ಪ್ರಕಟವಾದ ಮೇಲೂ ಜಗಳ ಮುಗಿಯದೇ ಇರಬಹುದು. ಅಮೆರಿಕದ ಇತಿಹಾಸಕಾರ ತಿಮೊತಿ ಮೆಸ್ಸರ್-ಕ್ರೂಸ್ 1886ರ ಷಿಕಾಗೊ ಹೇಮಾರ್ಕೆಟ್ ಪ್ರಕರಣದ (ಕಾರ್ಮಿಕರ ಸಭೆಯಲ್ಲಿ ಬಾಂಬ್ ಸಿಡಿದದ್ದು) ವಿಚಾರಣೆಯ ದಾಖಲೆಗಳನ್ನು ನೋಡಿ, ಪ್ರಾಸಿಕ್ಯೂಷನ್ ಸಾಕ್ಷ್ಯವನ್ನೇ ಒದಗಿಸಲಿಲ್ಲ ಎಂಬ ವಾಕ್ಯವನ್ನು ವಿಕಿಪೀಡಿಯದಲ್ಲಿ ತಿದ್ದಲು ಹೋದರು. ಹೆಚ್ಚಿನ ಇತಿಹಾಸಕಾರರು ಹಾಗೆ ಹೇಳುವುದಿಲ್ಲ ಎಂದು ಅಲ್ಲಿನ ಸಂಪಾದಕರು ಅಳಿಸಿದರು. ತಮ್ಮ ಪುಸ್ತಕ ಬಂದ ಮೇಲೆ ಮತ್ತೆ ಪ್ರಯತ್ನಿಸಿದಾಗಲೂ ಅಲ್ಪಮತದ ವಾದಕ್ಕೆ ಅತಿ ತೂಕ ಕೊಡಬಾರದೆಂಬ ಉತ್ತರವೇ ಸಿಕ್ಕಿತು. 2012ರಲ್ಲಿ ಅವರು ಇದನ್ನೇ ಲೇಖನವಾಗಿ ಬರೆದಾಗ ದೊಡ್ಡ ಚರ್ಚೆಯಾಯಿತು. ನಮ್ಮ ಅಭಿಪ್ರಾಯದಲ್ಲಿ ಅಲ್ಲಿ ಸಂಪಾದಕರು ನಿಯಮವನ್ನು ಮೊಂಡಾಗಿ ಹಿಡಿದರು. ಬಹುಮತದ ಪಕ್ಕದಲ್ಲಿ ಹೊಸ ಸಂಶೋಧನೆಗೆ ಒಂದು ವಾಕ್ಯದ ಜಾಗ ಕೊಡುವುದಕ್ಕೆ ಆ ನಿಯಮವೇನೂ ಅಡ್ಡಿಯಲ್ಲ.

ಆದ್ದರಿಂದ ನೀವೂ ಹಳೆಯ ಇಸವಿಯನ್ನು ಅಳಿಸಬೇಡಿ. ‘ಸಾಮಾನ್ಯವಾಗಿ ಇಂಥ ವರ್ಷವೆನ್ನುತ್ತಾರೆ, ಇಂಥ ದಾಖಲೆಯ ಆಧಾರದಲ್ಲಿ ಇಂಥವರು ಬೇರೆ ವರ್ಷ ಸೂಚಿಸಿದ್ದಾರೆ’ ಎಂದು ಸೇರಿಸಿ. ಅದು ನಿಮ್ಮದೇ ಲೇಖನವಾದರೆ ನೀವೇ ಹಾಕದೆ ಚರ್ಚೆ ಪುಟದಲ್ಲಿ ‘ಇದು ನನ್ನ ಬರಹ’ ಎಂದು ತಿಳಿಸಿ, ಇನ್ನೊಬ್ಬರು ಸೇರಿಸಲಿ ಎಂದು ಕೇಳುವುದು ಲೇಸು. ಕಾದಂಬರಿಕಾರ ಫಿಲಿಪ್ ರಾತ್ ಅವರಿಗೂ ತಮ್ಮದೇ ಕಾದಂಬರಿಯ ಪಾತ್ರಕ್ಕೆ ಪ್ರೇರಣೆ ಯಾರೆಂಬ ಬಗ್ಗೆ ಬೇರೆ ಆಧಾರ ಬೇಕೆಂಬ ಉತ್ತರ ಬಂದಿತ್ತು. 2012ರಲ್ಲಿ ಅವರು ‘ನ್ಯೂಯಾರ್ಕರ್’ನಲ್ಲಿ ಬಹಿರಂಗ ಪತ್ರ ಪ್ರಕಟಿಸಿದರು, ಆ ಪತ್ರವೇ ಉಲ್ಲೇಖವಾಯಿತು.

ಪ್ರಶ್ನೆ: ನಾನು ಸ್ವಯಂಸೇವಕ ಸಂಪಾದಕ. ನಮ್ಮ ಸರ್ ತಮ್ಮ ಪುಸ್ತಕದ ಒಂದು ಅಧ್ಯಾಯವನ್ನು ಹಾಗೇ ತಂದು ಅಂಟಿಸಿದ್ದಾರೆ. ಅಳಿಸಿದರೆ ಬೇಜಾರು, ಬಿಟ್ಟರೆ ತಪ್ಪು.
– ಪದವಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಅಳಿಸಲೇಬೇಕು. ಸ್ವಂತ ಬರಹವೇ ಆದರೂ ಅಚ್ಚಾದ ಪುಸ್ತಕದ ಹಕ್ಕು ಪ್ರಕಾಶಕರ ಬಳಿ ಇರಬಹುದು. ವಿಕಿಪೀಡಿಯದ ಪರವಾನಗಿಯಡಿ ಬಿಟ್ಟುಕೊಟ್ಟರೆ ಯಾರು ಬೇಕಾದರೂ ಅದನ್ನು ಅಚ್ಚುಹಾಕಿ ಮಾರಬಹುದು. ಸರ್ ಅವರಿಗೆ ಇದು ಗೊತ್ತಿರಲಿಕ್ಕಿಲ್ಲ. ಒಪ್ಪಿಗೆಯಿದ್ದರೆ ಹಕ್ಕುದಾರರು ಇಮೇಲ್ ಮೂಲಕ ಅನುಮತಿ ಕಳಿಸಬೇಕು. ಆದರೆ ಅಳಿಸುವ ರೀತಿಯಲ್ಲಿ ಗೌರವ ಇರಲಿ. ‘ಕೃತಿಚೌರ್ಯ’ ಎಂದು ಬರೆಯಬೇಡಿ. ಸಾರಾಂಶದಲ್ಲಿ ಕಾರಣವನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆದು, ಅವರ ಚರ್ಚೆ ಪುಟದಲ್ಲಿ ವಿವರಿಸಿ. ಆ ಅಧ್ಯಾಯದ ಮುಖ್ಯ ಸಂಗತಿಗಳನ್ನು ನಿಮ್ಮ ಮಾತಿನಲ್ಲಿ ನಾಲ್ಕು ವಾಕ್ಯ ಮಾಡಿ, ಅವರ ಪುಸ್ತಕವನ್ನೇ ಉಲ್ಲೇಖವಾಗಿ ಕೊಡಿ. ಬಂದ ತಜ್ಞರು ಮುನಿಸಿಕೊಂಡು ಹೋಗುವುದು ಹೆಚ್ಚಾಗಿ ನಿಯಮದಿಂದಲ್ಲ, ನಿಯಮಗಳ ಇಂಗ್ಲಿಷ್ ಸಂಕ್ಷೇಪಾಕ್ಷರಗಳನ್ನು ಮುಖಕ್ಕೆ ಎಸೆದು ಅಳಿಸುವ ನಮ್ಮ ಹುಡುಗರ ಉಡಾಫೆಯಿಂದ.

ಪ್ರಶ್ನೆ: ದೈವದ ಪಾಡ್ದನ (ತುಳು ಕಥನಗೀತೆ) ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಅದಕ್ಕೆ ಪುಸ್ತಕ ಎಲ್ಲಿಂದ ತರುವುದು?
– ಓದುಗರು, ಕಾಪು

ಉತ್ತರ: ಈ ನಿಯಮ ನಿಜಕ್ಕೂ ಸೋಲುವ ಜಾಗ ಇದು. 2011ರಲ್ಲಿ ಮೌಖಿಕ ಉಲ್ಲೇಖದ ಪ್ರಯೋಗವೊಂದು ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಉತ್ತರ ಸೋಥೋ ಭಾಷೆಗಳಲ್ಲಿ ನಡೆಯಿತು. ಸಂದರ್ಶನದ ಧ್ವನಿಮುದ್ರಣವನ್ನೇ ಆಧಾರವಾಗಿ ಕೊಟ್ಟರು. ಅದು ಎಲ್ಲ ಕಡೆ ಒಪ್ಪಿತ ಪದ್ಧತಿಯಾಗಲಿಲ್ಲ. ಸದ್ಯಕ್ಕೆ ದಾರಿ: ಅಚ್ಚಾದ ಪಾಡ್ದನ ಸಂಗ್ರಹಗಳು, ಜಾನಪದದ ಪಿಎಚ್.ಡಿ. ಪ್ರಬಂಧಗಳು. ಶಬ್ದಗಳಿಗೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಇದೆ. ನಿಮ್ಮ ಕಡೆಯ ಪಾಠ ಬೇರೆಯಾಗಿದ್ದರೆ ಹಾಡಿದವರ ಒಪ್ಪಿಗೆ ಪಡೆದು ದಾಖಲಿಸಿ, ಮೊದಲು ಒಂದು ಪತ್ರಿಕೆಯಲ್ಲಿ ಪ್ರಕಟಿಸಿ. 2016ರಿಂದ ತುಳುವಿಗೂ ತನ್ನದೇ ವಿಕಿಪೀಡಿಯ ಇದೆ. ಅಲ್ಲಿ ವಿಷಯ ತಿಳಿದವರು ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ವೇಷಧಾರಿಯಾಗಿದ್ದ ತಂದೆಯವರ ಫೋಟೋ ಹಾಕಿದರೆ ತೆಗೆದುಹಾಕುತ್ತಾರೆ. ಮಗಳಿಗೂ ಹಕ್ಕಿಲ್ಲವೇ?
– ಓದುಗರು, ಮಲ್ಪೆ

ಉತ್ತರ: ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಅದರಲ್ಲಿ ಇರುವವರದ್ದಲ್ಲ. ಆದರೆ ಹಣ ಕೊಟ್ಟು ಸ್ಟುಡಿಯೋದಲ್ಲಿ ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಭಾರತದ ಕಾನೂನಿನಂತೆ ಹಕ್ಕು ತೆಗೆಸಿದವರದ್ದು. ಹಕ್ಕು ಯಾರದ್ದೋ ಅವರಿಂದ ಅನುಮತಿಯ ಇಮೇಲ್ ಹೋಗಬೇಕು. ನೀವೇ ತೆಗೆದ ಫೋಟೋ ಇದ್ದರೆ ವಿಕಿಪೀಡಿಯದ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಮೂಲ ಕಡತವನ್ನೇ ಏರಿಸಿ. ವಾಟ್ಸಾಪ್‌ನಲ್ಲಿ ಬಂದ ಪ್ರತಿಯಲ್ಲಿ ಕ್ಯಾಮೆರಾದ ವಿವರ ಅಳಿದಿರುತ್ತದೆ, ಎಲ್ಲಿಂದಲೋ ಎತ್ತಿದ್ದೆಂದು ಅನುಮಾನಿಸುತ್ತಾರೆ.